ಅಂಗಿಯ ಗಡಿವಿವಾದ

ಉಡುಪಿನ ವಿಷಯದಲ್ಲಿ ಉದಾಸೀನನಾದ ಗಂಡನನ್ನು ಕಟ್ಟಿಕೊಂಡ ಹೆಣ್ಣಿನ ಕ್ಲೇಶದ ವೈಚಿತ್ರ್ಯವೇನೆಂದರೆ, ಹರಿದ ಅಂಗಿಯನ್ನು ತೊಡುವವನು ಒಬ್ಬನಾದರೆ ಅದರ ತೂತುಗಳಿಂದ ನಡುಗುವವಳು ಮತ್ತೊಬ್ಬಳು. ಭವಾನಿಯ ಜಮಖಾನ, ಚೆನ್ನಿಮಲೆಯ ಹೊದಿಕೆ, ಈರೋಡಿನ ಜವಳಿ ಸಂತೆ ಎಂದು ನೂಲಿನಿಂದಲೇ ಕೀರ್ತಿವೆತ್ತ ಜಿಲ್ಲೆಯಲ್ಲಿ ವಾಸವಾಗಿದ್ದೂ, ತಾಳವಾಡಿ ಬೆಟ್ಟದ ಮೇಲಿನ ನಮ್ಮ ಯಜಮಾನರು ಅರಿಸಿನದ ಕಲೆಗಳಿಂದ ಚಿತ್ರಿತವಾದ, ಗುಂಡಿಗಳು ತಂತಮ್ಮ ಕಾಜಗಳನ್ನು ಮರೆತು ನೆರೆಯ ಕಾಜಗಳನ್ನು ಹೊಕ್ಕಿರುವ ಒಂದೇ ಅಂಗಿಯಲ್ಲಿ ಋತುಚಕ್ರವನ್ನೆಲ್ಲ ಕಳೆಯಬಲ್ಲರು.

ಉಪದೇಶವನ್ನು ಮಾಡದೆ ಬಿಟ್ಟವಳಲ್ಲ ನಾನು. ನಮ್ಮ ನೆರೆಯ ದೊಡ್ಡ ಗಾಜನೂರಿನವರಾದ ಡಾ. ರಾಜಕುಮಾರರು ಅಷ್ಟು ಕೀರ್ತಿವಂತರಾಗಿಯೂ ಬಿಳಿಯ ಪಂಚೆ, ಬಿಳಿಯ ಅಂಗಿಗಳಲ್ಲಿ ಎಷ್ಟು ಶುಭ್ರವಾಗಿ ಶೋಭಿಸುತ್ತಿದ್ದರೆಂದು ನೆನಪಿಸಿದರೆ, “ಅವರ ಪಂಚೆ ಕೋಸಿನ ಹೊಲಕ್ಕೆ ಇಳೀತಿರಲಿಲ್ಲ ಕಣಮ್ಮಿ, ರಾತ್ರಿ ಕಾವಲಿಗೆ ಹೋದಾಗ ಆನೆ ಬಂದ್ರೆ ಇಸ್ತ್ರಿ ನೋಡ್ತದಾ?” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಆನೆಯನ್ನು ಸಾಕ್ಷಿಗೆ ಕರೆದವರೊಡನೆ ವಾದಿಸುವುದು ಹೇಗೆ?

ಕಡೆಗೆ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸಂದು ತಾಳವಾಡಿಯು ಮದರಾಸಿನಲ್ಲಿಯೇ ಉಳಿದಂತೆ, ನಾನೂ ಅವರ ಅಂಗಿಗಳನ್ನು ಹೊಲದವು, ಪೇಟೆಯವು ಎಂದು ವಿಭಾಗಿಸಿ, ಪೇಟೆಯವುಗಳನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಜಡಿದೆನು. ಆದರೆ ಗಡಿಗೆರೆಯನ್ನು ಎಳೆಯುವುದು ಸುಲಭ, ಅದರ ಈಚೆಗೆ ನಿಲ್ಲಿಸುವುದು ದುಸ್ಸಾಧ್ಯವೆಂಬುದು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಮದುವೆಗೆಂದು ಸತ್ಯಮಂಗಲಕ್ಕೆ ಹೊರಟು ದಿಂಬಂ ಘಟ್ಟದ 27 ತಿರುವುಗಳನ್ನು ಬಸ್ಸು ಇಳಿಯತೊಡಗಿದಾಗ, ಇಸ್ತ್ರಿಯ ಅಂಗಿಯ ಒಳಗೆ ಬೆಟ್ಟದ ಚಳಿಗೆಂದು ಅಡಗಿ ಕುಳಿತಿದ್ದ ಹೊಲದ ಅಂಗಿಯು ತಿರುವು ತಿರುವಿಗೂ ಅಷ್ಟಷ್ಟೇ ಇಣುಕುತ್ತ, ಕೆಳಗೆ ತಲಪುವಷ್ಟರಲ್ಲಿ ಕೊರಳಪಟ್ಟಿಯನ್ನು ಸಂಪೂರ್ಣವಾಗಿ ಆಕ್ರಮಿಸಿತ್ತು.

ಇಂತಹವರಿಗೆಂದೇ ವರ್ಷಕ್ಕೊಂದು ಪರ್ವಕಾಲವೂ ನಮ್ಮಲ್ಲಿ ಉಂಟು. ದೀಪಾವಳಿಯು ಮುಗಿಯುತ್ತಲೇ ಗುಮಟಾಪುರದ ಬೀರೇಶ್ವರನ ಗುಡಿಯ ಬಳಿ ಮನೆಮನೆಯ ಸೆಗಣಿಯನ್ನು ರಾಶಿ ಹಾಕಿ, ಗಂಡಸರೆಲ್ಲರೂ ಬರಿಮೈಯಲ್ಲಿ ಒಬ್ಬರಿಗೊಬ್ಬರು ಉಂಡೆ ಕಟ್ಟಿ ಎಸೆದಾಡುವ ಗೊರೆಹಬ್ಬದಂದು, ಪೇಟೆಯ ಠೀವಿಯ ಸಾಹುಕಾರರಿಗೂ ನಮ್ಮವರಿಗೂ ತಿಲಮಾತ್ರವಾದರೂ ಭೇದವು ಕಾಣದು. ಅಲ್ಲಿ ನನ್ನ ದೂರನ್ನು ಕೇಳುವವರು ಯಾರು? ಮೇಲಾಗಿ ಆ ಹಬ್ಬದಲ್ಲಿ ಹುಲ್ಲಿನ ಮೀಸೆ ಗಡ್ಡಗಳನ್ನು ಕಟ್ಟಿಸಿಕೊಂಡು ಕತ್ತೆಯನ್ನೇರಿ ಮೆರವಣಿಗೆ ಹೋಗುವವನು ಕೊಳಕು ಬಟ್ಟೆಯವನಲ್ಲ, ಚಾಡಿಕೋರ! ಗಂಡನ ಮೇಲೆ ಇಷ್ಟನ್ನು ಬರೆದ ತರುವಾಯ, ಮುಂದಿನ ಸಲಕ್ಕೆ ಸವಾರರು ಬೇಕೆಂದು ಊರವರು ಹುಡುಕಹೊರಡುವ ಮುನ್ನ ಲೇಖನಿಯನ್ನು ಕೆಳಗಿಡುವುದೇ ಲೇಸು.