‘ಮಾರಾಟಕ್ಕಿಲ್ಲ’ ಎಂದದ್ದೇ ಮಾರಾಟಕ್ಕೆ!

ಅಮೆರಿಕದ ಹಳೇ ಸಾಮಾನಿನ ಸಂತೆಯಲ್ಲಿ ಕರಿ ಟೆಲಿಫೋನೊಂದನ್ನು ಮಗುಚಿ ನೋಡಿ. ‘ಬೆಲ್ ಸಿಸ್ಟಮ್ ಸ್ವತ್ತು, ಮಾರಾಟಕ್ಕಿಲ್ಲ’ ಎಂಬರ್ಥದ ಇಂಗ್ಲಿಷ್ ಮುದ್ರೆ ಇದ್ದರೂ ಇರಬಹುದು. ಅದರ ಪಕ್ಕದಲ್ಲೇ ಬೆಲೆಚೀಟಿ! ಕಂಪನಿ ಸುಳ್ಳು ಹೇಳಿರಲಿಲ್ಲ. ದಶಕಗಳ ಕಾಲ ಅಲ್ಲಿ ಫೋನು ಕಂಪನಿಯದು, ಮನೆಯವರದು ಬರೀ ತಿಂಗಳ ಬಾಡಿಗೆ. 1984ರ ಜನವರಿ 1ರಂದು ಬೆಲ್ ಸಿಸ್ಟಮ್ ಎಂಬ ಆ ಟೆಲಿಫೋನ್ ಕಂಪನಿಗಳ ಕೂಡುಕುಟುಂಬ ಪಾಲಾಯಿತು. ಅದರ ಗುರುತಿದ್ದ ಒಂದೊಂದು ತಗಡಿಗೂ ಗಿರಾಕಿಗಳು ಹೆಚ್ಚಿದರು.

ಬೋರ್ಡು ಹುಚ್ಚಿನವರದ್ದು ಬೇರೆಯೇ ಪಂಗಡ. ಬೆಲ್ ಲಾಂಛನವಾದ ನೀಲಿ ಗಂಟೆಯಿರುವ ‘ಪಬ್ಲಿಕ್ ಟೆಲಿಫೋನ್’ ಎನಾಮೆಲ್ ಫಲಕ ಕಂಡರೆ ಇವರ ಜೇಬಿನಿಂದ ಮೊದಲು ಹೊರಬರುವುದು ದುಡ್ಡಲ್ಲ, ಭೂತಗನ್ನಡಿ. ಉಕ್ಕಿನ ತಗಡಿಗೆ ಗಾಜಿನ ಪುಡಿ ಬಳಿದು, ಒಂದೊಂದು ಬಣ್ಣಕ್ಕೂ ಕುಲುಮೆಯಲ್ಲಿ ಸುಟ್ಟದ್ದಾದರೆ ಅಕ್ಷರದಂಚಿಗೆ ಉಗುರು ಆಡಿಸಿದಾಗ ಸಣ್ಣ ಉಬ್ಬು ತಾಗುತ್ತದೆ. ಮೊಳೆತೂತಿನ ಸುತ್ತ ಚಕ್ಕೆ ಎದ್ದು ತುಕ್ಕು ಕಂಡರಂತೂ ಸ್ವರ್ಗ ಮೂರೇ ಗೇಣು. ಹೊಸ ಫಲಕಕ್ಕೂ ಶ್ರದ್ಧೆಯಿಂದ ತುಕ್ಕು ಹಿಡಿಸುವ ಕಲಾವಿದರಿದ್ದಾರೆ, ಅದು ಬೇರೆ ಮಾತು.

ಗಂಟೆ ನೋಡಿಯೇ ಕಾಲ ಹೇಳುವ ಪಂಡಿತರೂ ಉಂಟು. 1889ರ ಗಂಟೆಯ ಮೇಲೆ ‘ಲಾಂಗ್ ಡಿಸ್ಟೆನ್ಸ್ ಟೆಲಿಫೋನ್’ ಎಂದಿತ್ತು. 1969ರಲ್ಲಿ ವಿನ್ಯಾಸಕಾರ ಸಾಲ್ ಬಾಸ್ ಅಕ್ಷರಗಳಿಗೆಲ್ಲ ರಜೆ ಕೊಟ್ಟು ಬರೀ ಗಂಟೆ ಉಳಿಸಿದರು.

ಫಲಕ ದುಬಾರಿ ಎನಿಸಿದರೆ ಗಂಟೆಯಾಕಾರದ ನೀಲಿ ಗಾಜಿನ ಪೇಪರ್‌ವೇಟ್ ಇದೆ. ಹಿಂದೆ ಬೆಲ್ ಕಂಪನಿಗಳೇ ಹಂಚಿದ್ದು. ಅಂಗಡಿಯವನು ಅಸಲಿ ಎಂದು ಆಣೆ ಹಾಕಿದರೂ ಚೌಕಾಸಿ ಬಿಡಬೇಡಿ. ನಕಲಿಗಳು ಬೇಕಾದಷ್ಟಿವೆ.