ಮನೇಲಿ ಎಲ್ಲಾ ಮಾಡ್ತಾನೆ ಮೇಡಂ

ನಾಯಿಮರಿಗಳಿಗೆ ಪಾಠ ಹೇಳಿಕೊಡುವ ಕ್ಲಾಸು ಬೆಂಗಳೂರಿನ ಯಾವ ಮೂಲೆಯಲ್ಲೇ ನಡೆಯಲಿ, ಅಲ್ಲಿ ಒಬ್ಬರು ರಾಯರು ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಎಲ್ಲರ ಮರಿಗಳು ಕೂತಿರುವಾಗ ಅವರದು ನಿಂತಿರುತ್ತದೆ. ಎಲ್ಲವೂ ನಿಂತಾಗ ಅವರದು ಅಂಗಾತ ಮಲಗಿರುತ್ತದೆ. ಮಲಗಿಸಿ ಎಂದು ಹೇಳಿದ ಹೊತ್ತಿಗೆ ಅದರ ಬಾಯಲ್ಲಿ ಪಕ್ಕದವರ ಚಪ್ಪಲಿ. ಆಗ ರಾಯರು ಟೀಚರ್ ಕಡೆ ತಿರುಗಿ, ಸ್ವಲ್ಪವೂ ಅಳುಕದೆ ಹೇಳುತ್ತಾರೆ: "ಮನೇಲಿ ಎಲ್ಲಾ ಮಾಡ್ತಾನೆ ಮೇಡಂ. ಇಲ್ಲಿಗೆ ಬಂದ್ರೆ ಯಾಕೋ ಹೀಗೆ." ಇದೇ ಮಾತನ್ನು ಅವರು ಹಿಂದೊಮ್ಮೆ ಮಗಳ ಸಂಗೀತದ ಟೀಚರಿಗೂ, ಅದಕ್ಕೂ ಮೊದಲು ನರ್ಸರಿ ಅಡ್ಮಿಷನ್ನಿನ ಇಂಟರ್‌ವ್ಯೂನಲ್ಲೂ ಹೇಳಿರುತ್ತಾರೆ. ಅಭ್ಯಾಸವಾದ ಮಾತು, ಸಲೀಸಾಗಿ ಬರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ನಿವೃತ್ತಿಯ ಹಾರ ಬಾಡುವ ಮೊದಲೇ ಅಸೋಸಿಯೇಷನ್ ಸೆಕ್ರೆಟರಿಯಾದರು. ಲಿಫ್ಟಿನೊಳಗೆ "ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂಬ ಬೋರ್ಡು ಹಾಕಿಸಿದ್ದು ಅವರೇ. ಯಾರೂ ಕೀಳಬಾರದೆಂದು ನಾಲ್ಕು ಮೂಲೆಗೂ ಸ್ಕ್ರೂ ಹೊಡೆಸಿದ್ದರು. ಆಮೇಲೆ ಅವರ ಮಗಳು, ಮನೆಯಿಂದಲೇ ಕೆಲಸ ಮಾಡುವ ಬೇಜಾರಿಗೆ, ಒಂದು ಬೀಗಲ್ ಮರಿ ತಂದಳು. ಅವಳು ತೆತ್ತ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಮೋಕಾ ಎಂದು ಹೆಸರಿಟ್ಟಳು. ಮರಿಗೆ ಮೂರು ತಿಂಗಳು ತುಂಬುವುದರೊಳಗೆ ಕಂಪನಿ ಅವಳನ್ನು ಡಬ್ಲಿನ್ನಿಗೆ ಕಳಿಸಿತು. "ಎರಡು ವಾರ ನೋಡ್ಕೊಳ್ಳಿ ಅಪ್ಪ, ಏನಾದ್ರೂ ವ್ಯವಸ್ಥೆ ಮಾಡ್ತೀನಿ" ಎಂದು ಹೋದವಳು ಅಲ್ಲಿ ಎಲ್ಲ ವ್ಯವಸ್ಥೆಯನ್ನೂ ಮಾಡಿಕೊಂಡಳು, ನಾಯಿಯದೊಂದು ಬಿಟ್ಟು.

ಬೋರ್ಡು ಒಂದು ರಾತ್ರಿ ಮಾಯವಾಯಿತು. ಈಗ ಅಲ್ಲಿ ನಾಲ್ಕು ತೂತು ಮಾತ್ರ ಇವೆ. ರಾಯರ ಷರ್ಟಿನ ಜೇಬಿನಲ್ಲಿ ಸದಾ ಒಂದು ಮಡಿಸಿದ ಜೆರಾಕ್ಸ್ ಪ್ರತಿ ಇರುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ: ಸಾಕುನಾಯಿ ಲಿಫ್ಟು ಹತ್ತಬಾರದೆಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲ. ಯಾರಾದರೂ ಲಿಫ್ಟಿನಲ್ಲಿ ಮುಖ ಸಿಂಡರಿಸಿದರೆ ಸಾಕು, ಮೂರನೇ ಮಹಡಿ ಬರುವಷ್ಟರಲ್ಲಿ ಅದನ್ನು ಪೂರ್ತಿ ಓದಿ ಹೇಳುತ್ತಾರೆ. "ಈ ನಿಷೇಧ ತಂದಿದ್ದು ನೀವೇ ಅಲ್ವಾ ಸಾರ್?" ಎಂದು ಯಾರೋ ಕೇಳಿದ್ದಕ್ಕೆ, "ಆಗಿನ ಕಮಿಟಿಗೆ ಕಾನೂನು ತಿಳುವಳಿಕೆ ಇರಲಿಲ್ಲ" ಎಂದರು.

ಕ್ಲಾಸಿಗೆ ಸೇರಿಸುವ ಮುಂಚೆ ಮರಿಗೆ ಲೋಕಜ್ಞಾನ ಆಗಬೇಕು ಎಂದು ಪಶುವೈದ್ಯರು ಹೇಳಿದ್ದರು. ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದು ಕೇಳಿದ್ದಕ್ಕೆ ಮರಿ ಹೆಚ್ಚು ಬೇಗ ಹೊಂದಿಕೊಳ್ಳುತ್ತದೆ. ಆಮೇಲೆ ಹೊಸದನ್ನೆಲ್ಲ ಅನುಮಾನದಿಂದ ನೋಡಲು ಶುರುಮಾಡುತ್ತದೆ. ಲೆಕ್ಕ ಹಾಕಿದರೆ ಮೋಕಾಗೆ ಉಳಿದಿದ್ದು ಎರಡೇ ವಾರ! ರಾಯರು ಗಾಬರಿಯಾದರು. ಹಳೆಯ ಲೆಡ್ಜರಿನಲ್ಲಿ ಪಟ್ಟಿ ಬರೆದರು. ಹೆಲ್ಮೆಟ್ ಹಾಕಿದವರು, ಗಡ್ಡ ಬಿಟ್ಟವರು, ಪಂಚೆ ಉಟ್ಟವರು, ಬಿಚ್ಚಿದ ಕೊಡೆ, ಕುಕ್ಕರ್ ಸೀಟಿ, ಕಸದ ಗಾಡಿ, ತಮಟೆ. ಚುಚ್ಚುಮದ್ದು ಪೂರ್ತಿಯಾಗದ ಮರಿಯನ್ನು ನೆಲಕ್ಕೆ ಬಿಡುವ ಹಾಗಿಲ್ಲವಾದ್ದರಿಂದ, ಎತ್ತಿಕೊಂಡೇ ಬೀದಿ ಬೀದಿ ತಿರುಗಿದರು. ನಮ್ಮ ವಾಚ್‌ಮನ್ ಬಿಸಿಲಿನಲ್ಲಿ ಕೊಡೆ ಹಿಡಿದು ಹೆಲ್ಮೆಟ್ ಹಾಕಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಎರಡು ಬಾಬತ್ತು ಒಟ್ಟಿಗೇ ಮುಗಿಯಲಿ ಅಂತ. ಗಣೇಶನನ್ನು ಬಿಡುವ ಮೆರವಣಿಗೆ ನಮ್ಮ ರಸ್ತೆಗೆ ಬಂದಾಗ, ಮರಿ ಹೆದರದಷ್ಟು ದೂರ ನಿಂತು ತಮಟೆ ಕೇಳಿಸಿದರು. ಮೋಕಾ ಅವರ ತೋಳಿನ ಮೇಲೆ ನಿದ್ದೆ ಹೋಯಿತು. ರಾಯರು ಲೆಡ್ಜರಿನಲ್ಲಿ ಟಿಕ್ ಹಾಕಿ, ಪಕ್ಕದಲ್ಲಿ "ಅತ್ಯುತ್ತಮ" ಎಂದು ಬರೆದರು. ಈ ಹುಡುಗನಿಗೆ ರ‍್ಯಾಂಕ್ ಗ್ಯಾರಂಟಿ ಎಂದು ಅವರಿಗೆ ಅನ್ನಿಸಿದ್ದು ಅವತ್ತೇ.

ಕ್ಲಾಸು ಭಾನುವಾರ ಬೆಳಿಗ್ಗೆ ಏಳಕ್ಕೆ. ಕಾರಿನಲ್ಲಿ ಮರಿಯನ್ನು ಹಿಡಿಯಲು ಒಬ್ಬರು, ಓಡಿಸಲು ಒಬ್ಬರು ಬೇಕಾದ್ದರಿಂದ ನಾನು ಡ್ರೈವರ್ ಆದೆ. ಮೈದಾನದಲ್ಲಿ ಎಲ್ಲ ತರಹದವರೂ ಇದ್ದರು. ಜಿಮ್ಮಿನಲ್ಲಿ ಬೆಳೆದ ತೋಳಿನ ಹುಡುಗನೊಬ್ಬ ರಾಟ್‌ವೀಲರ್ ತಂದಿದ್ದ. ಎಳೆದಾಟದಲ್ಲಿ ಅದರದೇ ಮೇಲುಗೈ. ಟೆಕ್ಕಿ ದಂಪತಿಯ ಶಿಹ್ ತ್ಸು ತಳ್ಳುಗಾಡಿಯಲ್ಲಿ ಬರುತ್ತಿತ್ತು, ಇಳಿಯುತ್ತಲೇ ಇರಲಿಲ್ಲ. ಒಬ್ಬಳು ಕಾಲೇಜು ಹುಡುಗಿ, ನಿಂತ ಕಾರಿನಡಿ ಸಿಕ್ಕ ಬೀದಿಮರಿಯನ್ನು ಬಟ್ಟೆಯ ಹಗ್ಗ ಕಟ್ಟಿ ಕರೆತಂದಿದ್ದಳು. ಹೆಸರು ಲಚ್ಚಿ. ಕ್ಲಾಸಿನಲ್ಲಿ ಅದನ್ನು ಗೌರವದಿಂದ "ಇಂಡಿ" ಎನ್ನುತ್ತಿದ್ದರು. ಹೇಳಿದ್ದನ್ನು ಒಂದೇ ಸಲಕ್ಕೆ ಮಾಡುತ್ತಿದ್ದುದು ಲಚ್ಚಿ ಒಂದೇ. ರಾಯರು ಮೊದಲ ದಿನವೇ ಅದನ್ನು ಗಮನಿಸಿದರು, ಏನೂ ಅನ್ನಲಿಲ್ಲ.

ಕಲಿಸುವ ಹುಡುಗಿಗೆ ರಾಯರ ಮಗಳಷ್ಟೇ ವಯಸ್ಸು. ಮೊದಲು ಅವಳು ರಾಯರ ಗಂಟಲಿಗೇ ಕೈಹಾಕಿದಳು. "ಅಂಕಲ್, ಸಿಟ್ ಅಂತ ನೋಟಿಸ್ ಕೊಟ್ಟ ಹಾಗೆ ಹೇಳಬೇಡಿ. ಖುಷಿಯಾಗಿ ಹೇಳಿ. ಕೂತ ತಕ್ಷಣ ಹೊಗಳಿ. ಸಣ್ಣ ದನೀಲಿ."

ರಾಯರು ಸುತ್ತ ನೋಡಿದರು. "ವೆರಿ ಗುಡ್" ಎಂದರು, ಸಾಲದ ಕಂತು ಸರಿಯಾಗಿ ಕಟ್ಟಿದವನಿಗೆ ಹೇಳುವ ದನಿಯಲ್ಲಿ.

"ಇನ್ನೂ ಸಣ್ಣಗೆ ಅಂಕಲ್. ಮಗುಗೆ ಹೇಳ್ತೀವಲ್ಲ, ಹಾಗೆ."

ಮಗುವಿಗೆ ಹಾಗೆ ಹೇಳಿ ಅಭ್ಯಾಸವಿದ್ದಿದ್ದರೆ ಬರುತ್ತಿತ್ತೇನೋ. ಆದರೂ ಬಿಡಲಿಲ್ಲ. ವಾರವಾರವೂ ಒಂದೊಂದು ಮನೆ ಏರುತ್ತಾ ಅವರ ದನಿ ಕೊನೆಗೆ "ಯಾರಪ್ಪಾ ಜಾಣ? ಯಾರು? ಯಾರು?" ಎಂಬ ಕೀರಲಿಗೆ ಬಂದು ನಿಂತಿತು. ಅವರ ಕೈಕೆಳಗೆ ಕೆಲಸ ಮಾಡಿದ್ದ ಕ್ಯಾಷಿಯರೊಬ್ಬರು ವಾಕಿಂಗ್ ಬಂದವರು ಬೇಲಿಯಾಚೆ ಅದನ್ನು ಕೇಳಿ, ನಮಸ್ಕಾರ ಮಾಡುವುದೋ ಬಿಡುವುದೋ ತಿಳಿಯದೆ, ಶೂ ಲೇಸು ಕಟ್ಟುವ ನೆಪದಲ್ಲಿ ಕೂತುಬಿಟ್ಟರು.

ತಿಂಡಿಯದು ಇನ್ನೊಂದು ಪುರಾಣ. ಮರಿಗೆ ಕೊಡುವ ಬಹುಮಾನ ಬಟಾಣಿ ಗಾತ್ರದ್ದಾಗಿರಬೇಕು, ಮೆತ್ತಗಿರಬೇಕು, ಘಮ್ಮೆನ್ನಬೇಕು. ರಾಯರು ಕ್ಯಾರೆಟ್ ಹೆಚ್ಚಿಕೊಂಡು ಹೋದರು. ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿಯಲು ಬೆಳೆಸಿದ ತಳಿ. 1984ರಲ್ಲಿ ಅಮೆರಿಕದ ಕೃಷಿ ಇಲಾಖೆ ವಿಮಾನ ನಿಲ್ದಾಣಗಳಲ್ಲಿ ಇವನ್ನೇ ಪಹರೆಗೆ ಇಡಲು ಶುರುಮಾಡಿತು. ಮೊದಲು ಇಟ್ಟದ್ದು ಲಾಸ್ ಏಂಜಲೀಸಿನಲ್ಲಿ. ಈ ವಿವರವನ್ನು ರಾಯರೇ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು. ಸೂಟ್‌ಕೇಸಿನ ತಳದಲ್ಲಿ ಅಡಗಿಸಿದ ಮಾವಿನಹಣ್ಣನ್ನು ಪತ್ತೆಹಚ್ಚುವ ವಂಶಕ್ಕೆ, ಜಿಮ್ ಹುಡುಗನ ಪ್ಯಾಂಟಿನ ಜೇಬಿನಲ್ಲಿ ಬೇಯಿಸಿದ ಕೋಳಿ ಲಿವರ್ ಇದೆ ಎಂದು ತಿಳಿಯಲು ಎಷ್ಟು ಹೊತ್ತು? ಇಡೀ ಕ್ಲಾಸು ಮೋಕಾ ಆ ಜೇಬಿಗೆ ಮೂಗು ಅಂಟಿಸಿಕೊಂಡು ಕಳೆಯಿತು. ಮುಂದಿನ ವಾರ ರಾಯರು ಒಣದ್ರಾಕ್ಷಿ ತಂದರು. ಟೀಚರ್ ಹೌಹಾರಿ ಕಿತ್ತುಕೊಂಡಳು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಚಾಕೊಲೇಟು ಕೂಡದು, ಈರುಳ್ಳಿ ಕೂಡದು. "ಈರುಳ್ಳಿ ನಮ್ಮನೇಗೂ ಬರಲ್ಲಮ್ಮ" ಎಂದರು ರಾಯರು, ಅದೊಂದರಲ್ಲಾದರೂ ಪಾಸಾದ ಸಮಾಧಾನದಲ್ಲಿ.

ಶನಿವಾರ ರಾತ್ರಿ ನಮ್ಮ ಮನೆಯ ಬೆಲ್ ಆಯಿತು. ರಾಯರು ಒಳಗೆ ಬರಲಿಲ್ಲ.

"ನಿಮ್ಮಲ್ಲಿ ಅದು ಮಾಡ್ತೀರಲ್ವಾ?"

"ಯಾವುದು ರಾಯರೇ?"

"ಅದೇ. ಮೋಕಾಗೆ. ಬೇಯಿಸಿಟ್ಟರೆ ಸಾಕು. ಉಪ್ಪು ಹಾಕ್ಬೇಡಿ."

ಅಂದಿನಿಂದ ನಮ್ಮ ಸಣ್ಣ ಕುಕ್ಕರ್ ಮೋಕಾ ಪಾಲಿಗೆ ಹೋಯಿತು. ಬಹುಮಾನ ಇಟ್ಟುಕೊಳ್ಳಲು ಸೊಂಟಕ್ಕೊಂದು ಚೀಲ ಬೇಕೆಂದಾಗ ರಾಯರು ತಮ್ಮ ತಂದೆಯವರ ಎಲೆಯಡಿಕೆ ಸಂಚಿ ಹೊರತೆಗೆದರು. ಕೆಂಪು ಬಟ್ಟೆಯದು, ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗೆ ಪದರ ಪದರ. ಎಲೆ ಇಡುವಲ್ಲಿ ಕ್ಯಾರೆಟ್, ಲೋಕಕ್ಕೆ ತೋರಿಸಲು. ಸುಣ್ಣದ ಡಬ್ಬಿ ಇರುತ್ತಿದ್ದಲ್ಲಿ ಮರಿಯ ಗಲೀಜು ಎತ್ತುವ ಕವರ್. ಅಡಿಕೆಯ ಪದರದಲ್ಲಿ ಕೋಳಿ ಲಿವರ್. ಮೊದಮೊದಲು ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ ಕೊಡುತ್ತಿದ್ದರು. ಕ್ರಮೇಣ ಗ್ಲೌಸ್ ಹೋಯಿತು. ಒಂದು ದಿನ ತುಂಡು ದೊಡ್ಡದಾಯಿತೆಂದು ಉಗುರಿನಲ್ಲೇ ಚಿವುಟಿ ಎರಡು ಮಾಡಿದರು. ಕ್ಲಾಸು ಮುಗಿದ ಮೇಲೆ ಸಂಚಿ ನಮ್ಮ ಬಾಲ್ಕನಿಯಲ್ಲೇ ನೇತಾಡುತ್ತದೆ. ಅವರ ಮನೆಯಾಕೆಗೆ ಇದು ಗೊತ್ತಿಲ್ಲವೆಂದು ರಾಯರು ನಂಬಿದ್ದಾರೆ. ಆಕೆ ಒಮ್ಮೆ ನಮ್ಮವಳ ಹತ್ತಿರ "ಲಿವರ್ ಎಷ್ಟಾಗತ್ತೆ ಲೆಕ್ಕ ಹೇಳಿ, ಕೊಟ್ಬಿಡ್ತೀನಿ" ಎಂದು ಕೇಳಿದ್ದನ್ನು ನಾವು ರಾಯರಿಗೆ ಹೇಳಿಲ್ಲ.

ಆಮೇಲೆ ಕ್ಲಿಕ್ಕರ್ ಬಂತು. ಹೆಬ್ಬೆರಳಿನಲ್ಲಿ ಒತ್ತಿದರೆ ಟಿಕ್ ಎನ್ನುವ ಪುಟ್ಟ ಡಬ್ಬಿ. ಡಾಲ್ಫಿನ್‌ಗಳನ್ನು ಸೀಟಿ ಊದಿ ಪಳಗಿಸುತ್ತಿದ್ದ ಅಮೆರಿಕದ ಕರೆನ್ ಪ್ರಯರ್ ಎಂಬಾಕೆ ನಾಯಿ ಸಾಕುವವರ ನಡುವೆ ಇದನ್ನು ಬಳಕೆಗೆ ತಂದವರಲ್ಲಿ ಮುಖ್ಯರು. ಮರಿಯ ಕುಂಡೆ ನೆಲಕ್ಕೆ ತಾಗಿದ ಆ ಗಳಿಗೆಗೇ ಟಿಕ್ ಅನ್ನಬೇಕು. ತಿಂಡಿ ಆಮೇಲೆ ಕೊಟ್ಟರಾಯಿತು. ಟಿಕ್ ಆದಾಗ ತಾನೇನು ಮಾಡುತ್ತಿದ್ದೆನೋ ಅದಕ್ಕೇ ಬಹುಮಾನ ಎಂದು ಮರಿ ತಿಳಿಯುತ್ತದೆ. ಇಡೀ ವಿದ್ಯೆ ಇರುವುದು ಆ ಒಂದು ಗಳಿಗೆಯಲ್ಲಿ. ಆದರೆ ರಾಯರದು ಜೀವಮಾನವಿಡೀ ವೋಚರ್ ಪಾಸು ಮಾಡಿದ ಕೈ. ಮೋಕಾ ಕೂತಿತು. ರಾಯರು ಬಗ್ಗಿ ಎಡಗಡೆಯಿಂದ ನೋಡಿದರು, ಪೂರ್ತಿ ಕೂತಿದೆಯೇ ಎಂದು. ಬಲಗಡೆಗೆ ಹೋಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡರು. ಖಾತ್ರಿಯಾಯಿತು. ಟಿಕ್. ಅಷ್ಟು ಹೊತ್ತಿಗೆ ಮೋಕಾ ಎದ್ದು ನಿಂತು ಕಿವಿ ಕೆರೆದುಕೊಳ್ಳುತ್ತಿತ್ತು. ಆ ಬೆಳಗು ಮುಗಿಯುವಷ್ಟರಲ್ಲಿ ಅದು ಪಾಠ ಕಲಿತುಬಿಟ್ಟಿತು: "ಸಿಟ್" ಅಂದರೆ ಒಮ್ಮೆ ಕೂತು, ಎದ್ದು, ಕಿವಿ ಕೆರೆದುಕೊಂಡು ಸಂಚಿಯ ಕಡೆ ನೋಡುವುದು. ಒಂದು ಸಲವೂ ತಪ್ಪುತ್ತಿರಲಿಲ್ಲ.

"ತುಂಬಾ ಬುದ್ಧಿವಂತ ಅಂಕಲ್ ಇವನು" ಎಂದಳು ಟೀಚರ್. "ನೀವು ಹೇಳ್ಕೊಟ್ಟಿದ್ದನ್ನ ಹಾಗ್ಹಾಗೇ ಕಲಿತಿದಾನೆ. ಅದೇ ಈಗ ತೊಂದರೆ."

ಈ ಮಾತಿನ ಮೊದಲರ್ಧವನ್ನು ಅವತ್ತು ಸಂಜೆಯೊಳಗೆ ನಾಲ್ಕೂ ಮಹಡಿಯವರು ಕೇಳಿದರು.

ಒಳ್ಳೆಯ ದಿನಗಳೂ ಇದ್ದವು, ಇಲ್ಲವೆನ್ನಲಾರೆ. ಐದು ತಿಂಗಳ ಮೋಕಾ ಹಗ್ಗ ಜಗ್ಗದೆ ಮೈದಾನದ ಒಂದು ಸುತ್ತು ಬಂದಿತ್ತು. ನೆಲದ ಮೇಲಿದ್ದ ಇಡ್ಲಿ ಚೂರನ್ನು ನೋಡಿಯೂ ಬಿಟ್ಟಿತ್ತು. ರಾಯರು ಕಣ್ಣೊರೆಸಿಕೊಂಡು, ಧೂಳು ಎಂದರು. ಎರಡನೇ ಕೋರ್ಸಿಗೆ ಸೇರುವ ಹೊತ್ತಿಗೆ ಮೋಕಾಗೆ ಎಂಟು ತಿಂಗಳು. ಅಷ್ಟರಲ್ಲಿ ಎಲ್ಲವೂ ಅಳಿಸಿಹೋಗಿತ್ತು. ರಾಯರು ಕರೆದರೆ ಕಿವುಡು. ನಾನು ಸುಮ್ಮನೆ "ಸಿಟ್" ಅಂದರೆ ಕೂರುತ್ತದೆ, ಪೇಪರಿನವನು ಅಂದರೂ ಕೂರುತ್ತದೆ.

ಟೀಚರ್ ಸಮಾಧಾನ ಹೇಳಿದಳು. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಇದನ್ನೇ ಬರೆದಿದ್ದಾರೆ: 5 ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿ 8 ತಿಂಗಳಿಗೆ ಬಂದಾಗ ಸಾಕಿದವರ "ಸಿಟ್"ಗೆ ಅಷ್ಟಾಗಿ ಕಿವಿಗೊಡುವುದಿಲ್ಲ, ಹೊರಗಿನವರು ಹೇಳಿದರೆ ಕೇಳುತ್ತದೆ. ಹರೆಯ. ವರ್ಷ ತುಂಬುವ ಹೊತ್ತಿಗೆ ಸರಿಹೋಗುತ್ತದೆ.

"ಇದಕ್ಕೆ ಸಂಶೋಧನೆ ಬೇರೆ ಬೇಕಿತ್ತೇನಮ್ಮ?" ಎಂದರು ರಾಯರು. "ನಮ್ಮನೇಲಿ ಆಗ್ಲೇ ಒಂದ್ಸಲ ಆಗಿದೆ."

ಆ ಒಂದ್ಸಲದವಳು ಅವತ್ತು ರಾತ್ರಿ ಡಬ್ಲಿನ್ನಿನಿಂದ ವಿಡಿಯೋ ಕಾಲ್ ಮಾಡಿದ್ದಳು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಮೋಕಾ ಅದು ಹೇಗೋ ಎರಡು ಕ್ಷಣ ಕೂತಿತು. ರಾಯರು ಕೀರಲು ದನಿ ತೆಗೆದು ಹೊಗಳಿದ್ದೇ ಹೊಗಳಿದ್ದು.

"ಅಪ್ಪ," ಎಂದಳು ಮಗಳು, "ನನಗೆ ಎಸ್‌ಎಸ್‌ಎಲ್‌ಸಿ ಮ್ಯಾಥ್ಸಲ್ಲಿ 96 ಬಂದಾಗ, ಉಳಿದ ನಾಲ್ಕು ಎಲ್ಲಿ ಹೋಯ್ತು ಅಂತ ಕೇಳಿದ್ರಿ."

ರಾಯರು ಸ್ವಲ್ಪ ಹೊತ್ತು ನಾಯಿಯ ಕಿವಿ ಸವರಿದರು. "ಆಗ ನನಗೆ ಈ ಟೀಚರ್ ಸಿಕ್ಕಿರಲಿಲ್ಲಮ್ಮ" ಎಂದರು. ಒಳಗಿನಿಂದ ಅವರ ಮನೆಯಾಕೆ, ಒಂದು ದಿನವೂ ಕ್ಲಾಸಿನ ಮುಖ ನೋಡದವರು, "ಏಯ್, ಸೋಫಾದಿಂದ ಇಳಿ" ಎಂದರು. ಮೋಕಾ ಇಳಿಯಿತು. ರಾಯರೂ ಅರ್ಧ ಎದ್ದಿದ್ದರು.

ಕೋರ್ಸಿನ ಕೊನೆಗೆ ಪರೀಕ್ಷೆ ಇತ್ತು. ಹಿಂದಿನ ರಾತ್ರಿ ರಾಯರು ಮರಿಯನ್ನು ಒಂಬತ್ತಕ್ಕೇ ಮಲಗಿಸಿದ್ದರಂತೆ. ಮುಖ್ಯವಾದದ್ದು ಕೊನೆಯ ಐಟಂ: ಮರಿಯನ್ನು ಆ ತುದಿಯಲ್ಲಿ ಬಿಟ್ಟು ಈ ತುದಿಯಿಂದ ಕರೆಯಬೇಕು, ಅದು ಓಡಿ ಬಂದು ಎದುರಿಗೆ ಕೂರಬೇಕು. ಲಚ್ಚಿ ಬಾಣ ಬಿಟ್ಟಂತೆ ಬಂದು ಕೂತಿತು. ರಾಯರ ಸರದಿ. "ಮೋಕಾ, ಬಾ ಚಿನ್ನ!" ಮೋಕಾ ಓಡಿಬಂತು. ಕಿವಿ ಹಾರಿಸಿಕೊಂಡು, ನೇರವಾಗಿ, ರಾಯರ ಕಡೆಗೇ ಬಂತು. ರಾಯರು ಎರಡೂ ಕೈ ಚಾಚಿದರು. ಅದು ಅವರ ಕಾಲಿನ ಮಧ್ಯೆ ನುಸುಳಿ ಜಿಮ್ ಹುಡುಗನ ಜೇಬಿನ ಎದುರು ಹೋಗಿ ನಿಂತಿತು. ಹುಡುಗ ಗಾಬರಿಯಲ್ಲಿ "ಸಿಟ್" ಅಂದ. ಎಂಥ ಸಿಟ್ ಅದು! ಬೆನ್ನು ನೆಟ್ಟಗೆ, ಕತ್ತು ಮೇಲೆ, ಪುಸ್ತಕದಲ್ಲಿ ಹಾಕುವಂಥದ್ದು.

"ಕೂತ ಅಲ್ವಾ ಮೇಡಂ?" ಎಂದರು ರಾಯರು.

"ಕೂತ ಅಂಕಲ್. ಆದ್ರೆ ನಿಮ್ಮ ಮುಂದೆ ಅಲ್ಲ."

"ಕೂತಿದ್ದಕ್ಕೆ ಮಾರ್ಕ್ಸ್ ಇದ್ಯಲ್ಲ. ಯಾರ ಮುಂದೆ ಅಂತ ಸಿಲಬಸ್‌ನಲ್ಲಿ ಬರೆದಿಲ್ಲ."

"ಅಂಕಲ್..."

"ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕ್ಬಹುದಾ? ಫೀಸು ಎಷ್ಟಾದ್ರೂ ಪರವಾಗಿಲ್ಲ."

ಟೀಚರ್ ನಕ್ಕು, ಮುಂದಿನ ಬ್ಯಾಚಿನ ತಾರೀಖು ಬರೆದುಕೊಟ್ಟಳು. ಕಾರಿನಲ್ಲಿ ರಾಯರು ಬನಶಂಕರಿ ಬಸ್ ಸ್ಟ್ಯಾಂಡ್ ದಾಟುವವರೆಗೂ ಮಾತಾಡಲಿಲ್ಲ. ಮೋಕಾ ಅವರ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕಡೆ ವಾಲಿ, ದನಿ ತಗ್ಗಿಸಿ ಹೇಳಿದರು:

"ಆ ಲಚ್ಚಿ ಇದ್ಯಲ್ಲ, ಅದಕ್ಕೆ ಮನೇಲಿ ಬೇರೆ ಯಾರೋ ಟ್ಯೂಷನ್ ಹೇಳ್ತಾರೆ ಕಣ್ರೀ. ನಂಬರ್ ಸಿಗತ್ತಾ ವಿಚಾರಿಸಿ."