ಐದು ನಿಮಿಷಕ್ಕೊಮ್ಮೆ ಕುಶಲೋಪರಿ

ಅಮೆರಿಕದ ಸೇನೆಗೆ ಹೃದಯವಿಲ್ಲ ಎಂದು ಯಾರಾದರೂ ನಿಮ್ಮೆದುರು ಅಂದರೆ ಒಪ್ಪಬೇಡಿ. ವರ್ಜೀನಿಯಾದ ಕ್ವಾಂಟಿಕೋದಲ್ಲಿ ಮರೀನ್ ಪಡೆಯ ಒಂದು ಸೆರೆಮನೆಯಿತ್ತು. 2010ರ ಜುಲೈ ಕೊನೆಯಿಂದ 2011ರ ಏಪ್ರಿಲ್ 20ರವರೆಗೆ ಅಲ್ಲಿ ಒಬ್ಬ ವಿಚಾರಣಾಧೀನ ಕೈದಿಯನ್ನು ಇಟ್ಟಿದ್ದರು. ಬಂದಾಗ ವಯಸ್ಸು ಇಪ್ಪತ್ತೆರಡು. ಕಾವಲಿನವರು ಐದೈದು ನಿಮಿಷಕ್ಕೊಮ್ಮೆ ಬಂದು ‘ಚೆನ್ನಾಗಿದ್ದೀಯಾ?’ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದೇನೆ ಎಂದು ಉತ್ತರ ಕೊಡಲೇಬೇಕಿತ್ತು. ಹಗಲಿನ ಹದಿನೈದು ಗಂಟೆಯನ್ನಷ್ಟೇ ಹಿಡಿದರೂ ದಿನಕ್ಕೆ 180 ಸಲ. ರಾತ್ರಿ ಹೊದಿಕೆ ಮುಖದ ಮೇಲೆ ಬಂತೋ, ಗೋಡೆ ಕಡೆ ಹೊರಳಿ ಮಲಗಿದರೋ, ಎಬ್ಬಿಸಿ ಕೇಳುತ್ತಿದ್ದರು. ಇಷ್ಟೊಂದು ವಿಚಾರಿಸಿಕೊಂಡ ಸರ್ಕಾರ ಇನ್ನೊಂದಿರಲಿಕ್ಕಿಲ್ಲ.

ಕೈದಿಯ ಹೆಸರು ಚೆಲ್ಸೀ ಮ್ಯಾನಿಂಗ್. ಸೇನೆಯ ಕಡತದಲ್ಲಿ ಆಗ ಗಂಡು ಹೆಸರಿತ್ತು, ಅದು ಬೇರೆ ಕಥೆ. ಬಾಗ್ದಾದಿನ ಹೊರಗಿನ ನೆಲೆಯೊಂದರಲ್ಲಿ ಗುಪ್ತಚರ ವಿಶ್ಲೇಷಕಿಯಾಗಿದ್ದಾಗ ಏಳು ಲಕ್ಷಕ್ಕೂ ಹೆಚ್ಚು ಸರ್ಕಾರಿ ದಾಖಲೆಗಳನ್ನು, ಗುಟ್ಟಿನ ಕಡತಗಳನ್ನು ಬಯಲು ಮಾಡುವ ವಿಕಿಲೀಕ್ಸ್ ಜಾಲತಾಣಕ್ಕೆ ಕೊಟ್ಟರು. ಜೊತೆಗೆ ಒಂದು ವಿಡಿಯೊ. 2007ರ ಜುಲೈ 12ರಂದು ಬಾಗ್ದಾದಿನ ಬೀದಿಯಲ್ಲಿ ಅಪಾಚೆ ಹೆಲಿಕಾಪ್ಟರಿನಿಂದ ಗುಂಡು ಸುರಿದು ರಾಯಿಟರ್ಸ್ ಸುದ್ದಿಸಂಸ್ಥೆಯ ಇಬ್ಬರು ಸೇರಿದಂತೆ ಹಲವರನ್ನು ಕೊಂದ ದೃಶ್ಯ ಅದರಲ್ಲಿತ್ತು. ಗಾಯಾಳುವನ್ನು ಎತ್ತಿಕೊಳ್ಳಲು ಬಂದ ವ್ಯಾನಿನ ಮೇಲೂ ಗುಂಡು ಬಿತ್ತು. ಒಳಗೆ ಇಬ್ಬರು ಮಕ್ಕಳಿದ್ದರು. ಸೇನೆ ತನಿಖೆ ಮಾಡಿ ತನ್ನವರದೇನೂ ತಪ್ಪಿಲ್ಲ ಎಂದು ಷರಾ ಬರೆದು ಕಡತ ಮುಚ್ಚಿತ್ತು. ಗುಂಡು ಹಾರಿಸಿದವರ ಮೇಲೆ ಕೇಸಿಲ್ಲ. ವಿಡಿಯೊ ತೋರಿಸಿದವರ ಮೇಲೆ ಇಪ್ಪತ್ತೆರಡು ಆರೋಪ.

ಅಷ್ಟೂ ದಾಖಲೆಯನ್ನು ಓದಿ ನೋಡಿ ಕೊಟ್ಟರೆಂದು ಯಾರೂ ಹೇಳಲಾರರು. ಅದನ್ನು ತಪ್ಪೆನ್ನುವವರಿಗೆ ಹಾಗೆನ್ನುವ ಹಕ್ಕಿದೆ. ಸೇನೆ ಕೇಸು ಹಾಕಲಿ, ವಾದಿಸಲಿ, ಗೆಲ್ಲಲಿ. ಆದರೆ ಅಮೆರಿಕದ ಸೇನಾ ನ್ಯಾಯ ಸಂಹಿತೆಯಲ್ಲಿ 13ನೇ ವಿಧಿ ಎಂಬುದೊಂದಿದೆ. ವಿಚಾರಣೆ ಮುಗಿಯುವ ಮುನ್ನ ಆರೋಪಿಯನ್ನು ಶಿಕ್ಷಿಸುವಂತಿಲ್ಲ. ಓಡಿಹೋಗದಂತೆ ಹಿಡಿದಿಡಲು ಎಷ್ಟು ಬೇಕೋ ಅದಕ್ಕಿಂತ ಬಿಗಿ ಮಾಡುವಂತಿಲ್ಲ. ಒಳ್ಳೆಯ ಕಾನೂನು. ಕ್ವಾಂಟಿಕೋದವರು ಅದನ್ನು ಮುರಿಯುವ ಗೋಜಿಗೇ ಹೋಗಲಿಲ್ಲ. ನಾವು ಶಿಕ್ಷೆ ಕೊಡುತ್ತಿಲ್ಲ, ಕಾಪಾಡುತ್ತಿದ್ದೇವೆ ಅಂದರು. ಕೈದಿ ತನಗೆ ತಾನೇ ಗಾಯ ಮಾಡಿಕೊಳ್ಳದಂತೆ ವಿಶೇಷ ನಿಗಾ ಎಂದು ಆದೇಶ ಬರೆದರು.

ಕಾಪಾಡಿದ ಬಗೆ ಹೇಗೆಂದು ಹತ್ತಿರದಿಂದ ನೋಡಬೇಕು. ಆರಡಿ ಅಗಲ, ಎಂಟಡಿ ಉದ್ದದ ಕೋಣೆ. ದಿನದ ಇಪ್ಪತ್ಮೂರು ಗಂಟೆಯೂ ಅದರೊಳಗೆ. ದಿಂಬಿಲ್ಲ, ಹಾಸುವ ಬಟ್ಟೆಯಿಲ್ಲ, ಹರಿಯಲು ಬಾರದ ಒರಟು ಹೊದಿಕೆ. ಹಗಲು ಮಲಗುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಕಕ್ಕಸಿಗೆ ಕಾಗದ ಬೇಕೆಂದರೆ ಎದ್ದು ನಿಂತು, ಕಾವಲಿನವನ ಹುದ್ದೆ ಹೇಳಿ ಕರೆದು, ‘ಬಂಧಿತ ಮ್ಯಾನಿಂಗ್ ಕಾಗದಕ್ಕಾಗಿ ಕೋರುತ್ತಿದ್ದಾರೆ’ ಎಂದು ಅರ್ಜಿ ಹಾಕಬೇಕು. ಕೋಣೆಯೊಳಗೆ ವ್ಯಾಯಾಮ ನಿಷಿದ್ಧ. ಕುಣಿತ ವ್ಯಾಯಾಮವೆಂದು ನಿಯಮದಲ್ಲಿ ಬರೆದಿರಲಿಲ್ಲವಾದ್ದರಿಂದ ಮ್ಯಾನಿಂಗ್ ಒಬ್ಬರೇ ಕುಣಿದರು. ಗೋಡೆಯ ಕನ್ನಡಿಯೊಂದೇ ಮನರಂಜನೆ. ಅದರ ಮುಂದೆ ನಿಂತು ಮುಖ ಸೊಟ್ಟ ಮಾಡಿದರು. ಕಾವಲಿನವರು ಅದನ್ನೂ ದಿನಚರಿಯಲ್ಲಿ ಬರೆದಿಟ್ಟರು. ಮುಂದೆ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಕೇಳಿದ್ದು ಇದನ್ನೇ: ಒಬ್ಬರೇ ಕುಣಿಯುವವರು, ಕನ್ನಡಿಗೆ ಅಣಕಿಸುವವರು ಸ್ವಸ್ಥರೇ? ಇಂಥವರಿಗೆ ನಿಗಾ ಬೇಡವೇ? ಒಂಟಿ ಕೋಣೆಯಲ್ಲಿಟ್ಟು ಹುಚ್ಚು ಹಿಡಿಸುವುದು, ಹಿಡಿದ ಹುಚ್ಚನ್ನು ತೋರಿಸಿ ಒಂಟಿ ಕೋಣೆಯನ್ನು ಸಮರ್ಥಿಸುವುದು. ಇದಕ್ಕೆ ಪಗಾರ ಕೊಟ್ಟು ತಲೆ ಇಟ್ಟುಕೊಂಡಿರಬೇಕು.

ಜೈಲಿನವರ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಕ್ವಾಂಟಿಕೋಗೆ ತರುವ ಮೊದಲು ಕುವೈತಿನ ಸೇನಾ ಶಿಬಿರದಲ್ಲಿ ಸೆರೆಯಲ್ಲಿದ್ದಾಗ ಮ್ಯಾನಿಂಗ್ ನಿಜಕ್ಕೂ ಕುಗ್ಗಿಹೋಗಿ ಸಾಯುವ ಯೋಚನೆ ಮಾಡಿದ್ದರು. ಕ್ವಾಂಟಿಕೋಗೆ ಬಂದ ಹೊಸದರಲ್ಲಿ ತುಂಬಿಸಿದ ಫಾರಂನಲ್ಲೂ ಅಂಥದೊಂದು ಸಾಲಿತ್ತು. ಹಾಗಾಗಿ ಮೊದಲ ದಿನಗಳ ನಿಗಾಕ್ಕೆ ಕಾರಣವಿತ್ತು ಅನ್ನೋಣ. ಆಮೇಲೆ? ಕೈದಿಗೆ ಈಗ ಅಂಥ ಅಪಾಯವಿಲ್ಲ, ನಿಗಾ ತೆಗೆಯಿರಿ ಎಂದು ಜೈಲಿನದೇ ಮನೋವೈದ್ಯರು ಮತ್ತೆ ಮತ್ತೆ ಬರೆದುಕೊಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಲ್ಲೊಬ್ಬರಾದ ವಿಲಿಯಂ ಹಾಕ್ಟರ್ ಮೊದಲು ಕುಖ್ಯಾತ ಗ್ವಾಂಟನಾಮೋ ಸೆರೆಮನೆಯಲ್ಲೂ ಕೆಲಸ ಮಾಡಿದವರು. ಅಲ್ಲಿ ಸಹ ತನ್ನ ಸಲಹೆಯನ್ನು ಪಾಲಿಸುತ್ತಿದ್ದರು ಎಂದು ಅವರು ಸಾಕ್ಷಿ ನುಡಿದರು. ಗ್ವಾಂಟನಾಮೋ ಮೇಲು ಅನ್ನಿಸುವಂತೆ ಒಂದು ಜೈಲನ್ನು ನಡೆಸುವುದು ಸಣ್ಣ ಸಾಧನೆಯಲ್ಲ.

2011ರ ಮಾರ್ಚ್ 2ರಂದು ಕೈದಿಗೆ ಬೇಸರದಲ್ಲಿ ವ್ಯಂಗ್ಯ ಬಂತು. ಸಾಯಬೇಕೆಂದಿದ್ದರೆ ಒಳಚಡ್ಡಿಯ ಎಲಾಸ್ಟಿಕ್ಕೋ ಕಾಲಿನ ಚಪ್ಪಲಿಯೋ ಸಾಕಾಗುತ್ತಿರಲಿಲ್ಲವೇ, ಈ ನಿಯಮಗಳೆಲ್ಲ ಏತಕ್ಕೆ ಅಂದುಬಿಟ್ಟರು. ಸೇನೆಯ ನಿಯಮಾವಳಿಯಲ್ಲಿ ವ್ಯಂಗ್ಯಕ್ಕೆ ಕಲಂ ಇಲ್ಲ. ಅಂದಿನಿಂದ ರಾತ್ರಿ ಒಳಚಡ್ಡಿಯೂ ಜಪ್ತಿ. ಬೆಳಗಿನ ಎಣಿಕೆಗೆ ಬೆತ್ತಲೆ ನಿಂತದ್ದೂ ಆಯಿತು. ಸುದ್ದಿ ಹೊರಬಿದ್ದು ಛೀಮಾರಿಯಾದ ಮೇಲೆ ದಪ್ಪ ನಿಲುವಂಗಿಯೊಂದನ್ನು ಕೊಟ್ಟರು. ಈ ಒಳಚಡ್ಡಿ ಪ್ರಸಂಗವನ್ನು ಕುರಿತು ಅಧಿಕಾರಿಯೊಬ್ಬರು ಶಿಶುಗೀತೆಯ ಧಾಟಿಯಲ್ಲಿ ಪ್ರಾಸ ಕಟ್ಟಿ ಸಹೋದ್ಯೋಗಿಗಳಿಗೆ ಇಮೇಲ್ ಕಳಿಸಿದ್ದರು, ಅದು ಕೋರ್ಟಿನಲ್ಲಿ ಓದಿಸಿಕೊಂಡಿತು. ವ್ಯಂಗ್ಯಕ್ಕೆ ಕಲಂ ಇಲ್ಲ ಅಂದೆ. ಅದು ಕೈದಿಗೆ ಮಾತ್ರ. ಅಧಿಕಾರಿಗಳ ಕಾವ್ಯಪ್ರತಿಭೆಗೆ ಅಡ್ಡಿಯಿರಲಿಲ್ಲ.

ಅದೇ ಮಾರ್ಚ್ ತಿಂಗಳು ನಮ್ಮಲ್ಲಿ ಏನು ನಡೆಯುತ್ತಿತ್ತು ಅನ್ನುವುದು ನೆನಪಿದೆಯೇ? ‘ದಿ ಹಿಂದೂ’ ಪತ್ರಿಕೆ ವಿಕಿಲೀಕ್ಸ್‌ನಿಂದ ಪಡೆದ ಅಮೆರಿಕ ರಾಯಭಾರ ಕಚೇರಿಯ ತಂತಿಗಳನ್ನು ದಿನಕ್ಕಿಷ್ಟರಂತೆ ಅಚ್ಚು ಹಾಕುತ್ತಿತ್ತು. 2008ರ ವಿಶ್ವಾಸಮತಕ್ಕೆ ಸಂಸದರನ್ನು ಕೊಳ್ಳಲು ಹಣದ ಪೆಟ್ಟಿಗೆ ಸಿದ್ಧವಿತ್ತೆಂಬ ತಂತಿ ಹೊರಬಂದ ದಿನ ದೆಹಲಿಯ ಸಂಸತ್ತು ಮಾರುಕಟ್ಟೆಯಾಯಿತು. ವಿರೋಧ ಪಕ್ಷದವರು ಪತ್ರಿಕೆ ಎತ್ತಿಹಿಡಿದು ಕೂಗಿದರು. ಪ್ರಧಾನಿ ಮನಮೋಹನ ಸಿಂಗ್ ಈ ತಂತಿಗಳ ಸತ್ಯಾಸತ್ಯತೆಯನ್ನು ದೃಢಪಡಿಸಲು ಬರುವುದಿಲ್ಲ ಎಂದರು. ಎಲ್ಲರೂ ತಮತಮಗೆ ಬೇಕಾದ ಸಾಲು ಆರಿಸಿಕೊಂಡರು. ಬೆಂಗಳೂರಿನ ನಮ್ಮಂಥವರೂ ಕಾಫಿ ಕುಡಿಯುತ್ತ ಓದಿ, ಇವರಿಗೆ ಹೀಗೇ ಆಗಬೇಕು ಅಂದೆವು. ಆ ಸುದ್ದಿ ನಮ್ಮ ಮನೆ ಬಾಗಿಲಿಗೆ ಬರಲು ಕಾರಣವಾದ ಕೈದಿ ರಾತ್ರಿ ಬಟ್ಟೆಯಿಲ್ಲದೆ ಮಲಗುತ್ತಿದ್ದುದು ಅದೇ ವಾರಗಳಲ್ಲಿ. ಸಂಸತ್ತಿನ ಗದ್ದಲದಲ್ಲಿ ಆ ಹೆಸರು ಯಾರಿಗೂ ಬೇಕಾಗಲಿಲ್ಲ. ಸೋರಿದ ನೀರು ಎಲ್ಲರಿಗೂ ಬೇಕಿತ್ತು.

ಅಮೆರಿಕದಲ್ಲಾದರೂ ಯಾರೋ ಒಬ್ಬರು ಬಾಯಿಬಿಟ್ಟರು. ವಿದೇಶಾಂಗ ಇಲಾಖೆಯ ವಕ್ತಾರ ಪಿ.ಜೆ. ಕ್ರೌಲಿ ವಿಶ್ವವಿದ್ಯಾಲಯವೊಂದರ ಸಭೆಯಲ್ಲಿ, ಮ್ಯಾನಿಂಗ್‌ರನ್ನು ಹೀಗೆ ನಡೆಸಿಕೊಳ್ಳುವುದು ಹಾಸ್ಯಾಸ್ಪದ, ಮೂರ್ಖತನ ಎಂದರು. ಮೂರೇ ದಿನದಲ್ಲಿ ರಾಜೀನಾಮೆ. ಪತ್ರಕರ್ತರು ಅಧ್ಯಕ್ಷ ಒಬಾಮಾರನ್ನು ಕೇಳಿದರು. ಅವರೇನು ಸಾಮಾನ್ಯರೇ, ಶಿಕಾಗೋದಲ್ಲಿ ವರ್ಷಗಟ್ಟಲೆ ಸಂವಿಧಾನ ಪಾಠ ಮಾಡಿದವರು. ಈ ಕ್ರಮಗಳು ಸರಿಯಾಗಿವೆಯೇ ಎಂದು ರಕ್ಷಣಾ ಇಲಾಖೆಯಾದ ಪೆಂಟಗನ್ನನ್ನೇ ಕೇಳಿದ್ದೇನೆ, ಸರಿಯಾಗಿವೆ ಎಂದು ಅವರು ಭರವಸೆ ಕೊಟ್ಟಿದ್ದಾರೆ ಎಂದರು. ಸೊಸೆಗೆ ಕಾಟವಿದೆಯೇ ಎಂದು ಅತ್ತೆಯನ್ನು ಕೇಳಿ, ಇಲ್ಲವಂತೆ ಎಂದು ತವರಿಗೆ ಕಾಗದ ಬರೆದ ಹಾಗೆ. ಮುಂದಿನ ತಿಂಗಳು ಇದೇ ಒಬಾಮಾ, ಕೇಸು ಇನ್ನೂ ಕೋರ್ಟಿನ ಮೆಟ್ಟಿಲು ಹತ್ತದಿರುವಾಗಲೇ, ಮ್ಯಾನಿಂಗ್ ಕಾನೂನು ಮುರಿದಿದ್ದಾರೆ ಎಂದು ಸಾರ್ವಜನಿಕವಾಗಿ ಹೇಳಿಬಿಟ್ಟರು. ಅವರು ಸೇನೆಯ ಮಹಾದಂಡನಾಯಕರು ಕೂಡ. ತೀರ್ಪು ಕೊಡಬೇಕಾದ ನ್ಯಾಯಾಧೀಶರು ಅವರ ಕೈಕೆಳಗಿನ ಸೇನಾಧಿಕಾರಿ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿಷಯದ ವರದಿಗಾರ ಹುವಾನ್ ಮೆಂಡೆಸ್ ಕೈದಿಯೊಡನೆ ಏಕಾಂತದಲ್ಲಿ ಮಾತಾಡಬೇಕೆಂದರು. ಪೆಂಟಗನ್, ಮಾತಾಡಿ, ಆದರೆ ನಮ್ಮ ಕಿವಿಯೂ ಅಲ್ಲಿರುತ್ತದೆ ಎಂದಿತು. ಅವರು ಹೋಗಲಿಲ್ಲ. ಇದು ಕ್ರೂರ, ಅಮಾನವೀಯ ನಡವಳಿಕೆ ಎಂದು ವರದಿ ಬರೆದರು. ಏಕಾಂತ ಕೈದಿಗೆ ಮಾತ್ರ ಮೀಸಲು.

ಹಕ್ಕುಗಳ ಲೆಕ್ಕಕ್ಕೆ ಬರೋಣ. ಸೇನಾ ನ್ಯಾಯಾಲಯದ (ಕೋರ್ಟ್ ಮಾರ್ಷಲ್) ನಿಯಮದ ಪ್ರಕಾರ 120 ದಿನದೊಳಗೆ ಆರೋಪಿಯನ್ನು ಕೋರ್ಟಿನ ಮುಂದೆ ನಿಲ್ಲಿಸಿ ಆರೋಪ ಓದಬೇಕು. ಬಂಧನವಾದದ್ದು 2010ರ ಮೇ ಕೊನೆಯಲ್ಲಿ, ಆರೋಪ ಓದಿದ್ದು 2012ರ ಫೆಬ್ರವರಿಯಲ್ಲಿ. ಸೆರೆಯಲ್ಲಿ ಸಾವಿರ ದಿನ ತುಂಬಿದ ವಾರವೇ ನ್ಯಾಯಾಧೀಶೆ ಡೆನೀಸ್ ಲಿಂಡ್, ಶೀಘ್ರ ವಿಚಾರಣೆಯ ಹಕ್ಕಿಗೆ ಭಂಗ ಬಂದಿಲ್ಲ ಎಂದು ತೀರ್ಪಿತ್ತರು. ತಡವಾದ ದಿನಗಳಿಗೆ ತಕ್ಕ ಕಾರಣಗಳಿದ್ದವು, ಆದ್ದರಿಂದ ಅವು ಲೆಕ್ಕಕ್ಕಿಲ್ಲ. ಸೆರೆಯಲ್ಲಿದ್ದವರಿಗೆ ಮಾತ್ರ ಎಲ್ಲ ದಿನಗಳೂ ಲೆಕ್ಕಕ್ಕಿದ್ದವು.

13ನೇ ವಿಧಿಯ ದೂರಿನ ಕತೆ ಇನ್ನೂ ಚೆಂದ. 2012ರ ಕೊನೆಯಲ್ಲಿ ವಕೀಲ ಡೇವಿಡ್ ಕೂಂಬ್ಸ್ ಕೋರ್ಟಿನ ನೆಲದ ಮೇಲೆ ಆರಡಿ-ಎಂಟಡಿ ಗುರುತು ಹಾಕಿ, ಕಕ್ಷಿದಾರರನ್ನು ಅದರೊಳಗೆ ನಿಲ್ಲಿಸಿ ತೋರಿಸಿದರು. ಕೇಸನ್ನೇ ವಜಾ ಮಾಡಿ, ಇಲ್ಲವೇ ಅಲ್ಲಿ ಕಳೆದ ಒಂದು ದಿನಕ್ಕೆ ಹತ್ತು ದಿನ ಶಿಕ್ಷೆ ಕಡಿತ ಮಾಡಿ ಎಂದರು. ನ್ಯಾಯಾಧೀಶೆ ಒಪ್ಪಿದರು: ಹೌದು, ನಿಗಾ ಅತಿಯಾಯಿತು, ಕಾನೂನು ಮೀರಿತು. ಪರಿಹಾರ, 112 ದಿನಗಳ ಕಡಿತ. ಶಿಕ್ಷೆ 2013ರ ಆಗಸ್ಟ್ 21ರಂದು ಬಂತು: 35 ವರ್ಷ. ಕಿರಾಣಿ ಅಂಗಡಿಯವನೂ ಮೂರು ಸಾವಿರದ ಸಾಮಾನಿಗೆ ಇದಕ್ಕಿಂತ ಹೆಚ್ಚು ಬಿಡುತ್ತಾನೆ. ಶತ್ರುವಿಗೆ ನೆರವು ನೀಡಿದ ಆರೋಪ ಬಿದ್ದುಹೋಗಿತ್ತು. ಉಳಿದವುಗಳಲ್ಲಿ ಹಲವು 1917ರ ಬೇಹುಗಾರಿಕೆ ಕಾಯ್ದೆಯವು. ಅದರಡಿ, ಜನರಿಗೆ ಗೊತ್ತಾಗಲೆಂದು ಕೊಟ್ಟೆ ಅನ್ನುವುದು ವಾದವೇ ಅಲ್ಲ. ಯಾಕೆ ಮಾಡಿದೆ ಎಂಬ ಪ್ರಶ್ನೆ ಶಿಕ್ಷೆಯ ಹಂತಕ್ಕೆ ಬರುವವರೆಗೆ ಬಹುಮಟ್ಟಿಗೆ ಅಪ್ರಸ್ತುತ. ದುಡ್ಡಿಗೆ ಮಾರಿದ ಗೂಢಚಾರನಿಗೂ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿದವರಿಗೂ ಒಂದೇ ತಕ್ಕಡಿ.

ನೇರ ದಾರಿಯಲ್ಲಿ ಹೋಗಬೇಕಿತ್ತು ಎನ್ನುತ್ತಾರೆ ನಿಯಮ ಬಲ್ಲವರು. ದಾರಿ ಇದೆ, ಸುಳ್ಳಲ್ಲ. ಸೈನಿಕರು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗೋ ದೂರು ವಿಚಾರಿಸುವ ಇನ್ಸ್‌ಪೆಕ್ಟರ್ ಜನರಲ್‌ಗೋ ದೂರು ಕೊಟ್ಟರೆ ಅವರ ಮೇಲೆ ಹಗೆ ತೀರಿಸಿಕೊಳ್ಳಬಾರದೆಂದು 1988ರಲ್ಲೇ ಕಾನೂನಾಗಿದೆ. ಆ ದಾರಿಯಲ್ಲಿ ನಡೆದು ನೋಡಿದವರೂ ಇದ್ದಾರೆ. ಇರಾಕಿನ ಅಬು ಗ್ರೈಬ್ ಜೈಲಿನಲ್ಲಿ ಕೈದಿಗಳನ್ನು ಬೆತ್ತಲೆ ಪೇರಿಸಿಟ್ಟು ತೆಗೆದ ಫೋಟೊಗಳ ಸಿ.ಡಿ.ಯನ್ನು ಜೋ ಡಾರ್ಬಿ ಎಂಬ ಸೈನಿಕ 2004ರ ಜನವರಿಯಲ್ಲಿ ಸೇನೆಯದೇ ತನಿಖಾಧಿಕಾರಿಗಳ ಕೈಗಿಟ್ಟ. ಪತ್ರಿಕೆಗಲ್ಲ, ವಿಕಿಲೀಕ್ಸ್‌ಗಲ್ಲ. ಹೆಸರು ಗುಟ್ಟಾಗಿರುತ್ತದೆ ಎಂದರು. ಮೇ ತಿಂಗಳಲ್ಲಿ ಡಾರ್ಬಿ ಇರಾಕಿನ ಸೇನಾ ಮೆಸ್ಸಿನಲ್ಲಿ ನೂರಾರು ಸೈನಿಕರ ನಡುವೆ ಕೂತು ಊಟ ಮಾಡುತ್ತಿದ್ದ. ಟಿ.ವಿ.ಯಲ್ಲಿ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಸೆನೆಟ್ ಸಮಿತಿಯ ಮುಂದೆ ಮಾತಾಡುತ್ತ ಅವನ ಹೆಸರು ಹಿಡಿದೇ ಹೊಗಳಿದರು. ಕೈಯಲ್ಲಿನ ತುತ್ತು ಕೈಯಲ್ಲೇ ಉಳಿದಿರಬೇಕು. ಮೇರಿಲ್ಯಾಂಡಿನ ತನ್ನೂರಿಗೆ ಮರಳಿ ಹೋಗಿ ಬಾಳಲು ಅವನಿಗೆ ಆಗಲಿಲ್ಲ. ಅಲ್ಲಿಯ ಜನರಿಗೆ ಅವನು ದ್ರೋಹಿ. ಆ ಫೋಟೊಗಳ ಮುಖ್ಯ ಆರೋಪಿ ಚಾರ್ಲ್ಸ್ ಗ್ರೇನರ್‌ಗೆ ಆದದ್ದು ಹತ್ತು ವರ್ಷ, ಆರೂವರೆ ವರ್ಷಕ್ಕೆ ಬಿಡುಗಡೆ. ಹಿಂಸೆ ಕೊಟ್ಟವನಿಗೆ 10, ದಾಖಲೆ ಕೊಟ್ಟವರಿಗೆ 35.

ಗುಟ್ಟು ಬಿಟ್ಟುಕೊಟ್ಟ ಎಲ್ಲರನ್ನೂ ಸೇನೆ ಹೀಗೇ ನಡೆಸಿಕೊಳ್ಳುತ್ತದೆ ಎಂದು ದೂರಬೇಡಿ. ನಾಲ್ಕು ನಕ್ಷತ್ರದ ಜನರಲ್ ಡೇವಿಡ್ ಪೆಟ್ರೇಯಸ್ ಅತ್ಯಂತ ಗೋಪ್ಯ ಮಾಹಿತಿ ಬರೆದಿದ್ದ ಎಂಟು ನೋಟ್‌ಬುಕ್‌ಗಳನ್ನು ತನ್ನ ಜೀವನಚರಿತ್ರೆ ಬರೆಯುತ್ತಿದ್ದ ಪ್ರೇಯಸಿಗೆ ಓದಲು ಕೊಟ್ಟಿದ್ದರು. ಆಕೆಗೆ ಕೊಟ್ಟಿಲ್ಲ ಎಂದು ಎಫ್‌ಬಿಐ ಎದುರು ಸುಳ್ಳೂ ಹೇಳಿದ್ದರು. 2015ರಲ್ಲಿ ಶಿಕ್ಷೆಯಾಯಿತು: ಎರಡು ವರ್ಷ ಸನ್ನಡತೆಯ ಮೇಲ್ವಿಚಾರಣೆ, ಒಂದು ಲಕ್ಷ ಡಾಲರ್ ದಂಡ. ಜೈಲಿಲ್ಲ. ಅವರ ಒಳಚಡ್ಡಿಯ ಎಲಾಸ್ಟಿಕ್ಕಿನ ಬಗ್ಗೆ ಯಾರೂ ಚಿಂತಿಸಲಿಲ್ಲ.

ಅದೇ 2015ರಲ್ಲಿ, ಮ್ಯಾನಿಂಗ್ ಶಿಕ್ಷೆ ಅನುಭವಿಸುತ್ತಿದ್ದ ಕ್ಯಾನ್ಸಸ್ಸಿನ ಲೆವನ್‌ವರ್ತ್ ಸೇನಾ ಜೈಲಿನಲ್ಲಿ ಅವರ ಮೇಲೆ ಹೊಸ ಕೇಸುಗಳು. ಕೋಣೆಯಲ್ಲಿ ಅವಧಿ ಮುಗಿದ ಟೂತ್‌ಪೇಸ್ಟ್ ಸಿಕ್ಕಿತು. ಅದು ಔಷಧಿಯ ದುರುಪಯೋಗ. ಊಟದ ಚೂರು ನೆಲಕ್ಕೆ ಬೀಳಿಸಿದ್ದು ಅಶಿಸ್ತು. ಜಪ್ತಿಯಾದ ಓದುವ ಸಾಮಗ್ರಿಯಲ್ಲಿ ಮಲಾಲಾಳ ಆತ್ಮಕಥೆಯಿತ್ತು, ಸಿಐಎ ನಡೆಸಿದ ಚಿತ್ರಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್ಟೇ ಪ್ರಕಟಿಸಿದ ವರದಿಯಿತ್ತು. ತಮ್ಮ ದೇಶದ ಶಾಸನಸಭೆ ಅಚ್ಚು ಹಾಕಿಸಿದ್ದನ್ನು ಓದಿದ ಸೈನಿಕರಿಗೆ ಮೂರು ವಾರ ಜಿಮ್, ಗ್ರಂಥಾಲಯ, ಬಯಲು ಎಲ್ಲ ಬಂದ್.

2016ರ ಜುಲೈಯಲ್ಲಿ ಮ್ಯಾನಿಂಗ್ ಸಾಯಲು ಯತ್ನಿಸಿ ಬದುಕುಳಿದರು. ಜೈಲಿನ ಮಂಡಳಿ ಕೂತು ವಿಚಾರಿಸಿ, ಆ ಯತ್ನಕ್ಕೆ ಸಂಬಂಧಿಸಿದ ತಪ್ಪುಗಳಿಗಾಗಿ ಹದಿನಾಲ್ಕು ದಿನದ ಒಂಟಿ ಸೆರೆ ವಿಧಿಸಿತು, ಅರ್ಧ ಅಮಾನತಿನಲ್ಲಿಟ್ಟು. ಕ್ವಾಂಟಿಕೋದಲ್ಲಿ ಸಾಯಬಾರದೆಂದು ಒಂಟಿ ಕೋಣೆ, ಲೆವನ್‌ವರ್ತ್‌ನಲ್ಲಿ ಸಾಯಹೊರಟದ್ದಕ್ಕೆ ಒಂಟಿ ಕೋಣೆ. ಇಲಾಖೆಯ ಔಷಧದ ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ಗುಳಿಗೆ.

ಒಬಾಮಾ ಕುರ್ಚಿ ಬಿಡುವ ಮೂರು ದಿನ ಮೊದಲು ಶಿಕ್ಷೆ ಕಡಿಮೆ ಮಾಡಿದರು. 2017ರ ಮೇ 17ರಂದು ಬಿಡುಗಡೆ. 2019ರಲ್ಲಿ ವಿಕಿಲೀಕ್ಸ್ ತನಿಖೆಯ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ಎದುರು ಬಾಯಿ ಬಿಡಲು ಒಪ್ಪದಿದ್ದಾಗ ಮತ್ತೆ ಒಳಗೆ. ಆಗ ಅವರು ಸೈನಿಕರಲ್ಲ, ಕೋರ್ಟೂ ಸೇನೆಯದಲ್ಲ. ವರ್ಜೀನಿಯಾದ ಆ ಕೋರ್ಟಿಗೆ ಪ್ರಾಮಾಣಿಕತೆ ಇತ್ತು ಅನ್ನಬೇಕು. ನಿನ್ನ ಒಳಿತಿಗೆ ಅಂತ ಹೇಳಲಿಲ್ಲ. ಬಾಯಿ ಬಿಡಿಸಲು ಒತ್ತಡ ಹಾಕುವುದೇ ಉದ್ದೇಶ ಎಂದು ಬರೆದೇ ಹೇಳಿತು. ಒತ್ತಡ ಸಾಲದೆಂದು ದಿನಕ್ಕೆ ಐನೂರು ಡಾಲರ್, ಆಮೇಲೆ ಸಾವಿರ ಡಾಲರ್ ದಂಡ ಸೇರಿಸಿತು. ಒಂದು ಕಡೆ ಬಾಯಿ ಬಿಟ್ಟದ್ದಕ್ಕೆ ಏಳು ವರ್ಷ ಜೈಲು, ಇನ್ನೊಂದು ಕಡೆ ಬಿಡದ್ದಕ್ಕೆ ಒಂದು ವರ್ಷ. 2020ರ ಮಾರ್ಚಿನಲ್ಲಿ ಗ್ರ್ಯಾಂಡ್ ಜ್ಯೂರಿಯ ಕೆಲಸ ಮುಗಿಯಿತು, ಇನ್ನು ಇವರನ್ನು ಹಿಡಿದಿಟ್ಟು ಒತ್ತಾಯಿಸುವಂಥದ್ದೇನೂ ಇಲ್ಲ ಎಂದು ನ್ಯಾಯಾಧೀಶರು ಬಿಟ್ಟುಬಿಟ್ಟರು. ದಂಡ ಮಾತ್ರ ಬಿಡಲಿಲ್ಲ: 2,56,000 ಡಾಲರ್. ಜನರೇ ಚಂದಾ ಎತ್ತಿ ಎರಡು ದಿನದಲ್ಲಿ ಹಣ ಹೊಂದಿಸಿದರು.